ಚೀಟಿ ಇದ್ದವರಿಗೆ ದಾರಿ

2021ರ ಡಿಸೆಂಬರ್ 2ರಂದು ಕೋವಿಡ್‌ನ ಒಮೈಕ್ರಾನ್ ತಳಿಯ ದೇಶದ ಮೊದಲ ಎರಡು ಪ್ರಕರಣಗಳು ಬೆಂಗಳೂರಿನಲ್ಲಿ ಪತ್ತೆಯಾದವು. ಮರುದಿನವೇ ರಾಜ್ಯ ಸರ್ಕಾರ ನಿಯಮ ಬಿಗಿ ಮಾಡಿತು. ಮಾಲ್‌ಗೆ, ಸಿನಿಮಾಗೆ ಹೋಗಬೇಕಾದರೆ ಲಸಿಕೆಯ ಎರಡೂ ಡೋಸ್ ಆಗಿರಬೇಕು. ಮಕ್ಕಳನ್ನು ಶಾಲೆಗೆ ಕಳಿಸುವ ತಂದೆ-ತಾಯಿಗೂ ಅದೇ ಷರತ್ತು. ಚಿತ್ರಮಂದಿರದ ಬಾಗಿಲಲ್ಲಿ ಟಿಕೆಟ್‌ಗಿಂತ ಮೊದಲು ಮೊಬೈಲ್ ತೋರಿಸುವ ಪಾಳಿ ಬಂತು. ಜೆರಾಕ್ಸ್ ಅಂಗಡಿಗಳು ಲಸಿಕೆ ಸರ್ಟಿಫಿಕೇಟನ್ನು ಆಧಾರ್ ಕಾರ್ಡಿನ ಅಳತೆಗೆ ಇಳಿಸಿ, ಲ್ಯಾಮಿನೇಷನ್ ಮಾಡಿ ಕೊಡತೊಡಗಿದವು.

ಲಸಿಕೆ ಚೀಟಿಯೇ ರಹದಾರಿಯಾಗುವುದು ಈ ನಾಡಿಗೆ ಹೊಸದಲ್ಲ. ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಹುಬ್ಬಳ್ಳಿಯ ಜನ ಅದನ್ನು ಕಂಡಿದ್ದರು.

1896ರಲ್ಲಿ ಮುಂಬೈಗೆ ಕಾಲಿಟ್ಟ ಪ್ಲೇಗ್ ರೈಲು ಹಳಿಗುಂಟ ದಕ್ಷಿಣಕ್ಕೆ ಇಳಿಯಿತು. ಅದನ್ನು ತಡೆಯಲು ಬ್ರಿಟಿಷ್ ಸರ್ಕಾರ 1897ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಸೈನಿಕರು ಮನೆಗೆ ನುಗ್ಗಿ ತಪಾಸಣೆ ಮಾಡಿದರು, ಸಾಮಾನು ಸುಟ್ಟರು, ಮನೆಮಂದಿಯನ್ನು ಊರಾಚೆಯ ಶಿಬಿರಕ್ಕೆ ಅಟ್ಟಿದರು. ಜನ ರೋಗಕ್ಕೆ ಹೆದರಿದಷ್ಟೇ ಶಿಬಿರಕ್ಕೂ ಹೆದರಿದರು. ಪುಣೆಯಲ್ಲಿ ಈ ಸಿಟ್ಟು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಹತ್ಯೆಯವರೆಗೂ ಹೋಯಿತು.

ಅದೇ ಹೊತ್ತಿಗೆ ಮುಂಬೈನ ಗ್ರಾಂಟ್ ಮೆಡಿಕಲ್ ಕಾಲೇಜಿನ ಸಣ್ಣ ಪ್ರಯೋಗಾಲಯದಲ್ಲಿ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಪ್ಲೇಗ್ ಲಸಿಕೆ ಕುದುರಿಸುತ್ತಿದ್ದ. ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟರೆ ಪ್ಲೇಗ್ ರೋಗಾಣು ಆ ಹನಿಗಳಿಂದ ಬಿಳಲಿನಂತೆ ಕೆಳಗಿಳಿದು ಬೆಳೆಯುತ್ತಿತ್ತು. ಅದನ್ನು ಬಿಸಿ ಮಾಡಿ ಕೊಂದರೆ ಲಸಿಕೆ ಸಿದ್ಧ. ದನದ, ಹಂದಿಯ ಮಾಂಸ ಬಳಸಿದರೆ ಯಾರೂ ಹತ್ತಿರ ಸುಳಿಯುವುದಿಲ್ಲವೆಂದು ಸಾರಿಗೆ ಆಡಿನ ಮಾಂಸ ಬಳಸಿದರು. 1897ರ ಜನವರಿ 10ರಂದು ಹಾಫ್‌ಕಿನ್ ಮೊದಲ ಚುಚ್ಚುಮದ್ದನ್ನು ತಾನೇ ಹಾಕಿಸಿಕೊಂಡ.

ಚುಚ್ಚಿದ ಮೇಲೆ ಜ್ವರ, ತೋಳು ಬಾವು, ಒಂದೆರಡು ದಿನದ ಕೂಲಿ ಖೋತಾ. ಜನ ಸುಲಭಕ್ಕೆ ಒಪ್ಪಲಿಲ್ಲ. ಆಗ ಬಂದದ್ದು ಸರ್ಟಿಫಿಕೇಟ್. ಅದು ಕೈಯಲ್ಲಿದ್ದವರಿಗೆ ಶಿಬಿರದ ಕಾಟದಿಂದ ವಿನಾಯಿತಿ ಸಿಕ್ಕಿತು. 1898ರ ಬೇಸಿಗೆಯಿಂದ ಹುಬ್ಬಳ್ಳಿಯಲ್ಲಿ ಡಾ. ಲ್ಯೂಮನ್ ನೇತೃತ್ವದಲ್ಲಿ ಲಸಿಕೆ ಶುರುವಾಯಿತು. ಸುಮಾರು ಐವತ್ತು ಸಾವಿರ ಜನರಿದ್ದ ಊರಲ್ಲಿ ಕೆಲವೇ ತಿಂಗಳಲ್ಲಿ 35 ಸಾವಿರಕ್ಕೂ ಹೆಚ್ಚು ಮಂದಿ ಚುಚ್ಚಿಸಿಕೊಂಡರು. ಹಲವರು ಎರಡು ಸಲ. ಅದೇ ವರ್ಷದ ಆಗಸ್ಟ್‌ನಲ್ಲಿ ಪ್ಲೇಗ್ ರೈಲು ಹತ್ತಿ ಬೆಂಗಳೂರಿಗೂ ಬಂತು.

ಲಸಿಕೆಯ ಮೇಲಿನ ನಂಬಿಕೆಗೆ 1902ರಲ್ಲಿ ದೊಡ್ಡ ಪೆಟ್ಟು ಬಿತ್ತು. ಪಂಜಾಬಿನ ಮುಲ್ಕೊವಾಲ್‌ನಲ್ಲಿ ಒಂದು ಬಾಟಲಿಯ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹಾಫ್‌ಕಿನ್‌ನನ್ನು ಕೆಲಸದಿಂದ ಅಮಾನತು ಮಾಡಿದರು. ತಪ್ಪು ಅವನದಲ್ಲವೆಂದು ಸಾಬೀತಾಗಲು ವರ್ಷಗಳೇ ಹಿಡಿದವು.

ಮುಂದೆ ಚೀಟಿ ಊರಿನ ಗಡಿ ಬಿಟ್ಟು ದೇಶದ ಗಡಿಗೆ ಹೋಯಿತು. ಸಿಡುಬಿನ ಕಾಲದಲ್ಲಿ ಊರಲ್ಲಿರುವವರಿಗೆ ತೋಳಿನ ಮೇಲಿನ ದಾಕಿನ ಕಲೆಯೇ ಸಾಕ್ಷಿ. ಹಡಗು, ವಿಮಾನ ಹತ್ತುವವರಿಗೆ ಮಾತ್ರ ಕಾಗದ ಬೇಕಿತ್ತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಅಳಿಯಿತೆಂದು ಸಾರಿದ ಬಳಿಕ ಆ ಕಾಗದವೂ ಕಸವಾಯಿತು.

2021ರ ಜನವರಿ 16ರಂದು ಕೋವಿಡ್ ಲಸಿಕೆ ಆರಂಭವಾದಾಗ ಚೀಟಿ ಮೊಬೈಲಿನೊಳಗೆ ಸೇರಿತ್ತು. ಕೋವಿನ್ ಪೋರ್ಟಲ್‌ನಲ್ಲಿ ಒಂದು ಫೋನ್ ನಂಬರಿಗೆ ನಾಲ್ಕು ಜನ ನೋಂದಾಯಿಸಬಹುದಿತ್ತು. ಸ್ವಂತ ಫೋನಿಲ್ಲದ ಹಳ್ಳಿಯ ಅಜ್ಜಿಯರಿಗೆ ಪಕ್ಕದ ಮನೆ ಹುಡುಗನ ನಂಬರೋ, ಬೆಂಗಳೂರಿನಲ್ಲಿರುವ ಮಗನದೋ, ಕೊನೆಗೆ ಆಶಾ ಕಾರ್ಯಕರ್ತೆಯದೋ ಗತಿ. ಲಸಿಕೆ ಹಾಕಿಸಿಕೊಂಡದ್ದು ಊರಲ್ಲಿ, ಮೆಸೇಜ್ ಹೋದದ್ದು ರಾಜಧಾನಿಗೆ. ಮೇ ತಿಂಗಳಲ್ಲಿ 18 ದಾಟಿದವರಿಗೆ ಬಾಗಿಲು ತೆರೆದಾಗ ಆನ್‌ಲೈನ್ ನೋಂದಣಿ ಕಡ್ಡಾಯವಾಗಿತ್ತು. ಪೋರ್ಟಲ್ ಮಾತ್ರ ಇಂಗ್ಲಿಷಿನಲ್ಲಿತ್ತು. ಕನ್ನಡ ಸೇರಿದ್ದು ಜೂನ್‌ನಲ್ಲಿ. ಅಷ್ಟರಲ್ಲಿ ಸ್ಲಾಟ್ ತೆರೆದ ಕೂಡಲೇ ಬುಕ್ ಮಾಡುವುದು ಬೆರಳಿನ ವೇಗದ ಪಂದ್ಯವಾಗಿಬಿಟ್ಟಿತ್ತು. ಬುಕ್ ಮಾಡಿ ಕೇಂದ್ರಕ್ಕೆ ಹೋಗದವರಿಗೂ ‘ನಿಮ್ಮ ಲಸಿಕೆ ಆಯಿತು’ ಎಂಬ ಸಂದೇಶ ಬಂದ ದೂರುಗಳು ಹೆಚ್ಚಿದಾಗ, ಮೇ 8ರಿಂದ ನಾಲ್ಕಂಕಿಯ ಗುಪ್ತ ಸಂಖ್ಯೆ ಜಾರಿಗೆ ಬಂತು. ಅದನ್ನು ಹೇಳಿದ ಮೇಲೆಯೇ ಲಸಿಕೆ ದಾಖಲಾಗುತ್ತಿತ್ತು.

ಚೀಟಿ ಎಲ್ಲರಿಗೂ ಒಂದೇ ಬೆಲೆ ತರಲಿಲ್ಲ. ಕೋವಿಶೀಲ್ಡ್‌ನ ಎರಡನೇ ಡೋಸಿಗೆ ಉಳಿದವರು 84 ದಿನ ಕಾಯಬೇಕಿದ್ದರೆ, ಓದಲು, ದುಡಿಯಲು ವಿದೇಶಕ್ಕೆ ಹೊರಟವರಿಗೆ ಜೂನ್‌ನಿಂದ 28 ದಿನ ಸಾಕೆಂದು ಸರ್ಕಾರ ಸಡಿಲಿಸಿತು. ಸರ್ಟಿಫಿಕೇಟಿಗೆ ಪಾಸ್‌ಪೋರ್ಟ್ ಸಂಖ್ಯೆಯೂ ಸೇರಿತು. ಕೋವ್ಯಾಕ್ಸಿನ್ ಹಾಕಿಸಿಕೊಂಡವರ ಪಾಡು ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಮಾನ್ಯತೆ ಕೊಟ್ಟದ್ದು ನವೆಂಬರ್ 3ರಂದು. ಅಲ್ಲಿಯವರೆಗೆ ಹಲವು ದೇಶಗಳಲ್ಲಿ ಅವರ ಚೀಟಿ ನಡೆಯಲಿಲ್ಲ. ಬ್ರಿಟನ್ ಕೋವಿಶೀಲ್ಡನ್ನು ಒಪ್ಪಿಯೂ ಭಾರತದ ಸರ್ಟಿಫಿಕೇಟನ್ನು ಒಪ್ಪದೆ ಕೂತಾಗ, ಭಾರತವೂ ಬ್ರಿಟನ್ನಿನಿಂದ ಬಂದವರಿಗೆ ಕ್ವಾರಂಟೈನ್ ವಿಧಿಸಿತು. ಅಕ್ಟೋಬರ್ ಹೊತ್ತಿಗೆ ಜಗಳ ಇತ್ಯರ್ಥವಾಯಿತು.

ಕೇರಳದ ಗಡಿಗಂಟಿದ ನಮ್ಮದೇ ತಲಪಾಡಿಯಲ್ಲಿ ಇನ್ನೊಂದು ಕತೆ. ಕೇರಳದಿಂದ ಬರುವವರಿಗೆ ಲಸಿಕೆ ಚೀಟಿ ಇದ್ದರೆ ಸಾಕೆಂದಿದ್ದ ರಾಜ್ಯ ಸರ್ಕಾರ, ಜುಲೈ ಕೊನೆಗೆ ಚೀಟಿ ಇದ್ದರೂ ಆರ್‌ಟಿ-ಪಿಸಿಆರ್ ವರದಿ ತನ್ನಿ ಎಂದಿತು. ಆಸ್ಪತ್ರೆಗೆ, ಕಾಲೇಜಿಗೆ ಮಂಗಳೂರನ್ನೇ ನೆಚ್ಚಿದ್ದ ಕಾಸರಗೋಡಿನ ಕನ್ನಡಿಗರು ಪರೀಕ್ಷೆಯ ಸಾಲಿನಲ್ಲಿ ನಿಂತರು. ಇತ್ತ ಚಾಮರಾಜನಗರದಲ್ಲಿ ಲಸಿಕೆ ಇಲ್ಲದವರಿಗೆ ಪಡಿತರವಿಲ್ಲ ಎಂಬ ಜಿಲ್ಲಾಡಳಿತದ ಘೋಷಣೆ ವಿವಾದವಾಯಿತು. ಶಿಬಿರದ ಭಯ ತೋರಿಸಿ ಚುಚ್ಚಿದ ಕಾಲಕ್ಕೂ ಅಕ್ಕಿಯ ಭಯ ತೋರಿಸಿದ ಕಾಲಕ್ಕೂ ನಡುವೆ ಒಂದು ಶತಮಾನ ದಾಟಿತ್ತು. ಆಡಳಿತದ ಉಪಾಯ ಮಾತ್ರ ಅದೇ ಉಳಿದಿತ್ತು.

2022ರ ಮೇ 2ರಂದು ಲಸಿಕೆಗೆ ಹೀಗೆ ಒತ್ತಾಯ ಮಾಡಬಹುದೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿತು. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ. ಸಾರ್ವಜನಿಕರ ಆರೋಗ್ಯಕ್ಕಾಗಿ ಸರ್ಕಾರ ಮಿತವಾದ ನಿರ್ಬಂಧ ಹೇರಬಹುದು, ಆದರೆ ಸೋಂಕು ಇಳಿದಿರುವಾಗ ಲಸಿಕೆ ಪಡೆಯದವರನ್ನು ಸಾರ್ವಜನಿಕ ಸ್ಥಳಗಳಿಂದ ದೂರವಿಡುವುದು ಸರಿಯಲ್ಲ ಎಂದು ನ್ಯಾಯಾಲಯ ಹೇಳಿತು. ಆ ವರ್ಷದ ನವೆಂಬರಿನಲ್ಲಿ ವಿದೇಶದಿಂದ ಬರುವವರು ತುಂಬಬೇಕಿದ್ದ ಏರ್ ಸುವಿಧಾ ಅರ್ಜಿಯೂ ರದ್ದಾಯಿತು.

ಹಳೆಯ ಚೀಟಿಯೊಂದು ಇನ್ನೂ ಚಲಾವಣೆಯಲ್ಲಿದೆ. ಆಫ್ರಿಕಾ, ದಕ್ಷಿಣ ಅಮೆರಿಕದ ಹಳದಿ ಜ್ವರದ ದೇಶಗಳಿಗೆ ಹೊರಡುವವರು ಆ ಲಸಿಕೆಯ ಹಳದಿ ಕಾರ್ಡ್ ಇಲ್ಲದೆ ಮರಳಿದರೆ ಇಲ್ಲಿ ಆರು ದಿನದವರೆಗೆ ಕ್ವಾರಂಟೈನ್ ಆಗಬಹುದು. ಚುಚ್ಚಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಕಾರ್ಡ್ ಊರ್ಜಿತವಾಗುವುದರಿಂದ, ಟಿಕೆಟ್ ಕೊಂಡ ದಿನವೇ ಲಸಿಕೆ ಕೇಂದ್ರಕ್ಕೂ ಒಂದು ಫೋನ್ ಮಾಡಿ.