ಚಲಿಸುವವರಿಗೆ ಆಕಾಶದ ಬಿಸಿ ಎಷ್ಟು?

ಅತಿವೇಗದಲ್ಲಿ ಸಾಗುವ ವಸ್ತುವಿನ ತಾಪಮಾನ, ನಿಂತು ನೋಡುವವರಿಗೆ ಎಷ್ಟಿರುತ್ತದೆ? ಕಡಿಮೆಯಾಗುತ್ತದೆ ಎಂದು 1907ರ ಹೊತ್ತಿಗೆ ಮ್ಯಾಕ್ಸ್ ಪ್ಲಾಂಕ್ ಮತ್ತು ಐನ್‌ಸ್ಟೈನ್ ಹೇಳಿದರು. ಹೆಚ್ಚಾಗುತ್ತದೆ ಎಂಬ ಹೈನ್ರಿಕ್ ಓಟ್ ಅವರ ಲೇಖನ 1963ರಲ್ಲಿ ಬಂತು. ಬದಲಾಗುವುದೇ ಇಲ್ಲ ಎಂದು 1966ರಲ್ಲಿ ಪೀಟರ್ ಲ್ಯಾಂಡ್ಸ್‌ಬರ್ಗ್ ವಾದಿಸಿದರು. ಮೂರು ವಾದಗಳ ಗಣಿತದಲ್ಲೂ ದೋಷವಿರಲಿಲ್ಲ. ಚಲಿಸುವ ವಸ್ತುವಿಗೆ ಸೇರಿದ ಶಕ್ತಿಯಲ್ಲಿ ಶಾಖದ ಪಾಲೆಷ್ಟು, ಕೆಲಸದ ಪಾಲೆಷ್ಟು ಎಂದು ವಿಂಗಡಿಸುವ ಕ್ರಮವಷ್ಟೇ ಬೇರೆಯಾಗಿತ್ತು.

ಇಂಥ ವಾದವನ್ನು ಅಳತೆಯ ಕಡೆಯಿಂದ ನೋಡುವುದೇ ಲೇಸು. ಆಕಾಶದ ತಾಪಮಾನವನ್ನು ರೇಡಿಯೊ ದೂರದರ್ಶಕಗಳು ಅಳೆಯುತ್ತವೆ. ಗೌರಿಬಿದನೂರಿನ ಬಳಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ ರೇಡಿಯೊ ದೂರದರ್ಶಕದಲ್ಲಿ ಸಾವಿರ ಡೈಪೋಲ್ ಆಂಟೆನಾಗಳನ್ನು ‘ಟಿ’ ಆಕಾರದಲ್ಲಿ ನೆಡಲಾಗಿತ್ತು. ಪೂರ್ವ–ಪಶ್ಚಿಮದ ಸಾಲೊಂದೇ 1.4 ಕಿ.ಮೀ. ಉದ್ದ. ಅದು 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ನಕ್ಷೆ ತೆಗೆಯಿತು. ಅಲ್ಲಿ ಅಲೆಯ ಪ್ರಬಲತೆಯನ್ನು ಹೇಳುವುದು ಕೆಲ್ವಿನ್‌ನಲ್ಲೇ: ಅಷ್ಟು ವಿಕಿರಣ ಸೂಸಲು ಕಪ್ಪುಕಾಯವೊಂದು (ಬಿದ್ದ ವಿಕಿರಣವನ್ನೆಲ್ಲ ಹೀರಿ, ತನ್ನ ಕಾವಿಗೆ ತಕ್ಕಂತೆ ಮಾತ್ರ ಸೂಸುವ ಆದರ್ಶ ವಸ್ತು) ಎಷ್ಟು ಕಾದಿರಬೇಕೋ ಅದು ‘ಪ್ರಕಾಶ ತಾಪಮಾನ’. ಈ ಆವರ್ತನದಲ್ಲಿ ಕ್ಷೀರಪಥ ಸಾವಿರಾರು ಕೆಲ್ವಿನ್ ತೋರಿಸುತ್ತದೆ. ಆದರೆ ಅದು ಕಾವಿನಿಂದ ಬಂದದ್ದಲ್ಲ, ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನುಗಳಿಂದ ಬಂದದ್ದು.

ನಿಜಕ್ಕೂ ಉಷ್ಣ ಸ್ವಭಾವದ್ದು ಇಡೀ ವಿಶ್ವವನ್ನು ತುಂಬಿರುವ 2.725 ಕೆಲ್ವಿನ್‌ನ ಹಿನ್ನೆಲೆ ವಿಕಿರಣ. 2020ರಲ್ಲಿ ರಾಮನ್ ಸಂಸ್ಥೆಯ ವಿಜ್ಞಾನಿಗಳು ದಂಡಿಗಾನಹಳ್ಳಿ ಕೆರೆಯ ನೀರಿನ ಮೇಲೆ ‘ಸರಸ್ 3’ ಆಂಟೆನಾ ತೇಲಿಬಿಟ್ಟು, ಮೊದಲ ನಕ್ಷತ್ರಗಳು ಈ ವಿಕಿರಣದಲ್ಲಿ ಉಳಿಸಿರಬಹುದಾದ ಗುರುತನ್ನು ಹುಡುಕಿದರು.

ಸೂರ್ಯನೊಂದಿಗೆ ಭೂಮಿ ಈ ವಿಕಿರಣದೊಳಗೆ ಸೆಕೆಂಡಿಗೆ ಸುಮಾರು 370 ಕಿ.ಮೀ. ವೇಗದಲ್ಲಿ ಸಾಗುತ್ತಿದೆ. ಹಾಗಾಗಿ ಸಿಂಹ ರಾಶಿಯ ಕಡೆಗೆ ಆಕಾಶ 3.4 ಮಿಲಿಕೆಲ್ವಿನ್ ಹೆಚ್ಚು ಬೆಚ್ಚಗಿದೆ, ಎದುರಿನ ಕುಂಭದ ಕಡೆಗೆ ಅಷ್ಟೇ ತಣ್ಣಗಿದೆ. ನಡುವೆ ಎತ್ತ ತಿರುಗಿದರೂ ಬೇರೆಬೇರೆ ಬೆಲೆ. ಸೊಗಸೆಂದರೆ, ಯಾವ ದಿಕ್ಕಿನಿಂದ ಬರುವ ರೋಹಿತವೂ ಕಪ್ಪುಕಾಯದ್ದಾಗಿಯೇ ಉಳಿಯುತ್ತದೆ, ತಾಪಮಾನ ಮಾತ್ರ ಬದಲು. ಅಂದರೆ ಚಲಿಸುವ ವೀಕ್ಷಕನಿಗೆ ಸಿಗುವುದು ಒಂದು ತಾಪಮಾನವಲ್ಲ, ದಿಕ್ಕಿಗೊಂದು. ಎಲ್ಲಕ್ಕೂ ಅನ್ವಯಿಸುವ ಏಕೈಕ ಸೂತ್ರ ಸಾಧ್ಯವಿಲ್ಲ ಎಂದು 1996ರಲ್ಲಿ ಸ್ವತಃ ಲ್ಯಾಂಡ್ಸ್‌ಬರ್ಗ್, ಜಾರ್ಜ್ ಮಾಟ್ಸಾಸ್ ಜೊತೆಗೂಡಿ ತೋರಿಸಿದರು. ವಸ್ತುವಿನ ಜೊತೆಯಲ್ಲೇ ಸಾಗುವ ಚೌಕಟ್ಟಿನಲ್ಲಿ ಅಳೆದದ್ದನ್ನೇ ತಾಪಮಾನವೆನ್ನುವುದು ಇಂದಿನ ರೂಢಿ.

ಸೂರ್ಯನ ಸುತ್ತ ಭೂಮಿ ಸೆಕೆಂಡಿಗೆ 30 ಕಿ.ಮೀ. ಓಡುವುದರಿಂದ ಇನ್ನೂ 0.27 ಮಿಲಿಕೆಲ್ವಿನ್‌ನಷ್ಟು ಏರಿಳಿತ ವರ್ಷವಿಡೀ ಕಾಣುತ್ತದೆ. ಆ ವೇಗ ಖಚಿತವಾಗಿ ತಿಳಿದಿರುವ ಕಾರಣ, ಹಿನ್ನೆಲೆ ವಿಕಿರಣವನ್ನು ಅಳೆದ ಪ್ಲಾಂಕ್ ಉಪಗ್ರಹ ತನ್ನ ಉಪಕರಣಗಳ ಅಳತೆಯನ್ನು ಸರಿಹೊಂದಿಸಿಕೊಂಡದ್ದು ಈ ಏರಿಳಿತದಿಂದಲೇ.