ಆರೋಗ್ಯ ವಿಮೆ: ಮಾರುವವರು ಯಾರೆಂದು ಮೊದಲು ನೋಡಿ

ಮನೆಯಲ್ಲೊಬ್ಬರು ಆಸ್ಪತ್ರೆ ಸೇರಿದರೆ ವರ್ಷಗಳ ಉಳಿತಾಯ ವಾರದಲ್ಲಿ ಕರಗುತ್ತದೆ. ಈ ಭಯದಿಂದಲೇ ಅನೇಕ ಕುಟುಂಬಗಳು ಆರೋಗ್ಯ ವಿಮೆಯತ್ತ ನೋಡುತ್ತಿವೆ. ವಿಮೆ ಧರ್ಮಸಮ್ಮತವೇ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಅದನ್ನು ನೀವು ನಂಬುವ ಉಲಮಾಗಳಲ್ಲಿ ಕೇಳಿಕೊಳ್ಳಿ. ಕೊಳ್ಳಲು ನಿರ್ಧರಿಸಿದವರು ಮೋಸ ಹೋಗಬಾರದು ಎಂಬುದಷ್ಟೇ ಇಲ್ಲಿನ ವಿಷಯ.

ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಮೊದಲು ಅದನ್ನು ವಿಚಾರಿಸಿ. ಅದಕ್ಕೆ ಪ್ರೀಮಿಯಂ ಇಲ್ಲ. ಯಾರಾದರೂ ಕೇಳಿದರೆ ಕೊಡಬೇಡಿ.

ಖಾಸಗಿ ವಿಮೆ ಬೇಕಿದ್ದರೆ ಮಾರುವವರ ಅಧಿಕಾರ ಪರೀಕ್ಷಿಸಿ. ಭಾರತದಲ್ಲಿ ವಿಮಾ ಕಂಪನಿಗಳಿಗೂ ಬ್ರೋಕರ್‌ಗಳಿಗೂ ಹೈದರಾಬಾದಿನಲ್ಲಿರುವ ವಿಮಾ ನಿಯಂತ್ರಣ ಪ್ರಾಧಿಕಾರದ (ಐಆರ್‌ಡಿಎಐ) ನೋಂದಣಿ ಇರಲೇಬೇಕು. ಅವುಗಳ ಪಟ್ಟಿ ಪ್ರಾಧಿಕಾರದ ವೆಬ್‌ಸೈಟ್‌ನಲ್ಲಿದೆ. ಏಜೆಂಟರ ಗುರುತಿನ ಚೀಟಿ ಕೇಳಿ, ಸಂಖ್ಯೆ ಬರೆದುಕೊಂಡು, ಕಂಪನಿಯ ಕಚೇರಿಗೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಪರಿಚಯದವರು, ಜಮಾಅತಿನವರು ಎಂಬ ಸಂಕೋಚ ಬೇಡ. 'ಹಲಾಲ್' ಎಂಬ ಮಾತನ್ನು ನಂಬಿ ಹಣ ಹೂಡಿದ ಸಾವಿರಾರು ಕುಟುಂಬಗಳು 2019ರಲ್ಲಿ ಬೆಂಗಳೂರಿನ ಐಎಂಎ ಹಗರಣದಲ್ಲಿ ಬೀದಿಗೆ ಬಿದ್ದದ್ದನ್ನು ಕಂಡಿದ್ದೇವೆ. ಅದು ವಿಮೆಯಲ್ಲ, ಹೂಡಿಕೆ. ಆದರೆ ಪಾಠ ಒಂದೇ. 'ತಕಾಫುಲ್' ಎಂದು ಹೇಳಿ ಬಂದರೂ ಇದೇ ಪರೀಕ್ಷೆ ಇರಲಿ.

"ಪ್ರಾಧಿಕಾರದಿಂದ ಮಾತನಾಡುತ್ತಿದ್ದೇವೆ, ನಿಮಗೆ ಬೋನಸ್ ಬಂದಿದೆ" ಎಂಬ ಕರೆ ಬಂದರೆ ಅದು ವಂಚನೆ. ಪ್ರಾಧಿಕಾರ ಪಾಲಿಸಿ ಮಾರುವುದೂ ಇಲ್ಲ, ಬೋನಸ್ ಹಂಚುವುದೂ ಇಲ್ಲ.

ಪ್ರೀಮಿಯಂ ಹಣವನ್ನು ಏಜೆಂಟರ ಸ್ವಂತ ಖಾತೆಗೆ ಹಾಕಬೇಡಿ. ಕಂಪನಿಯ ಹೆಸರಿಗೆ ಚೆಕ್ ಕೊಡಿ, ಇಲ್ಲವೇ ಅದರ ವೆಬ್‌ಸೈಟ್‌ನಲ್ಲೇ ಪಾವತಿಸಿ ರಸೀದಿ ಪಡೆಯಿರಿ. ಸಾಲದ ವ್ಯವಹಾರವನ್ನು ಸಾಕ್ಷಿಗಳೊಂದಿಗೆ ಬರೆದಿಡಬೇಕೆಂದು ಸೂರಃ ಅಲ್‌ಬಕರದ 282ನೇ ಸೂಕ್ತ ಕಲಿಸುತ್ತದೆ. ಬಾಯಿಮಾತಿಗಿಂತ ಬರಹಕ್ಕೆ ಬೆಲೆ ಕೊಡುವ ಆ ಶಿಸ್ತು ಇಲ್ಲಿಯೂ ಬೇಕು.

ಅರ್ಜಿಯನ್ನು ನೀವೇ ತುಂಬಿ. ಖಾಲಿ ನಮೂನೆಗೆ ಸಹಿ ಹಾಕಬೇಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹಿಂದಿನ ಶಸ್ತ್ರಚಿಕಿತ್ಸೆ ಎಲ್ಲವನ್ನೂ ತಿಳಿಸಿ. "ಬರೆಯುವುದು ಬೇಡ, ನಾನು ನೋಡಿಕೊಳ್ಳುತ್ತೇನೆ" ಎನ್ನುವ ಏಜೆಂಟರ ಮಾತು ಕೇಳಿದರೆ, ಮುಂದೆ ಆಸ್ಪತ್ರೆಯ ಬಿಲ್ ತಿರಸ್ಕೃತವಾದಾಗ ನಷ್ಟ ನಿಮ್ಮದು. ಮುಚ್ಚಿಡುವುದು ಅಮಾನತ್ತಿಗೂ ವಿರುದ್ಧ. ಮೊದಲೇ ಇರುವ ಕಾಯಿಲೆಗಳಿಗೆ ಗರಿಷ್ಠ 3 ವರ್ಷ ಕಾಯಬೇಕಾಗಬಹುದು. ನಿಮ್ಮ ಪಾಲಿಸಿಯಲ್ಲಿ ಎಷ್ಟೆಂದು ಕೇಳಿ.

ಪಾಲಿಸಿ ಕೈಸೇರಿದ ಮೇಲೆ ಓದಿ ನೋಡಿ. ಹೇಳಿದ್ದಕ್ಕೂ ಬರೆದದ್ದಕ್ಕೂ ವ್ಯತ್ಯಾಸವಿದ್ದರೆ 30 ದಿನದೊಳಗೆ ಹಿಂದಿರುಗಿಸಬಹುದು. ಸ್ವಲ್ಪ ಖರ್ಚು ಕಳೆದು ಹಣ ವಾಪಸ್ ಬರುತ್ತದೆ.

ದೂರಿದ್ದರೆ ಮೊದಲು ಕಂಪನಿಗೆ ಲಿಖಿತವಾಗಿ ಕೊಡಿ. ಪರಿಹಾರ ಸಿಗದಿದ್ದರೆ ಪ್ರಾಧಿಕಾರದ 155255 ಸಂಖ್ಯೆಗೆ ಕರೆ ಮಾಡಿ. ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿಯೂ ಇದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಪಾಲಿಸಿ ಪತ್ರ ಎಲ್ಲಿದೆಯೆಂಬುದು ಮನೆಯ ಹೆಂಗಸರಿಗೂ ಮಕ್ಕಳಿಗೂ ತಿಳಿದಿರಲಿ. ಆಸ್ಪತ್ರೆಗೆ ಓಡುವ ರಾತ್ರಿ ಅದನ್ನು ಹುಡುಕಬೇಕಾದವರು ಅವರೇ.