ನಿಮಗಿದು ಗೊತ್ತೇ? ಇಸಿಜಿಗೆ ಸಿಗದ ಡವಡವ!

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಹತ್ತಿದರೆ ಯಾರ ಎದೆಯಾದರೂ ಡವಡವ ಹೊಡೆದುಕೊಳ್ಳುತ್ತದೆ. ಕೂತರೆ ಮೆಲ್ಲಗೆ ತಗ್ಗುತ್ತದೆ. ಆದರೆ ರೇಷ್ಮೆ ಮಗ್ಗದ ಮುಂದೆ ಕೂತವರು ಬಿದ್ದ ಲಾಳಿ ಎತ್ತಲು ಬಗ್ಗಿದ್ದೇ ತಡ, ನಾಡಿ 180ಕ್ಕೆ ಜಿಗಿಯುವುದೂ ಉಂಟು! ಇದು ಎಸ್‌ವಿಟಿ. ಬರುವುದೂ ತಟ್ಟನೆ, ಹೋಗುವುದೂ ತಟ್ಟನೆ.

ಹೃದಯಾಘಾತವೇ? ಅಲ್ಲ! ಹೃದಯದೊಳಗಿನ ವಿದ್ಯುತ್ತು ಮುಂದೆ ಸಾಗದೆ ಗಿರಗಿರನೆ ಅಲ್ಲೇ ಸುತ್ತು ಹೊಡೆಯುತ್ತದೆ. ಕೆಲವರ ಹೃದಯದಲ್ಲಿ ಹುಟ್ಟಿನಿಂದಲೇ ಒಂದು ಅಡ್ಡದಾರಿ ಇರುತ್ತದೆ. ವುಲ್ಫ್, ಪಾರ್ಕಿನ್ಸನ್, ವೈಟ್ ಎಂಬ ಮೂವರು ವೈದ್ಯರು ಇಂಥವರ ಬಗ್ಗೆ 1930ರಲ್ಲೇ ಬರೆದಿದ್ದರು!

ಇನ್ನೊಂದು ತಮಾಷೆ ಕೇಳಿ. ಎದೆ ಓಡಿದಾಗ ಕೆಲವರಿಗೆ ಪದೇ ಪದೇ ಮೂತ್ರ ಬರುತ್ತದೆ. ಹಿಗ್ಗಿದ ಹೃದಯ ಅದಕ್ಕೊಂದು ಹಾರ್ಮೋನು ಸುರಿಸುತ್ತದಂತೆ. ಹೃದಯಕ್ಕೂ ಹಾರ್ಮೋನು!

ಪೇಚಿರುವುದು ಇಲ್ಲಿ. ಹಳ್ಳಿಯಿಂದ ಬಸ್ಸು ಹಿಡಿದು ಚಳ್ಳಕೆರೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಡವಡವ ಮಾಯ. ಇಸಿಜಿ ನಾರ್ಮಲ್. “ಗ್ಯಾಸ್ ಇರಬೇಕು ಬಿಡಿ” ಅನ್ನುವವರಿಗೇನು ಬರ! ಸಾಮಾನ್ಯ ಇಸಿಜಿ ನೋಡುವುದು ಬರೀ 10 ಸೆಕೆಂಡು. ದಿನಕ್ಕಿರುವುದು 86,400!

ಅದಕ್ಕೇ ಹೋಲ್ಟರ್ ಬಂತು. ಇಡೀ 24 ಗಂಟೆ ಎದೆಬಡಿತ ಬರೆದುಕೊಳ್ಳುವ ಪುಟ್ಟ ಯಂತ್ರ. ಇದರ ಜನಕ ನಾರ್ಮನ್ ಹೋಲ್ಟರ್ 1940ರ ದಶಕದಲ್ಲಿ ಬೆನ್ನಿಗೆ ಕಟ್ಟಿಕೊಂಡ ಮೊದಲ ಯಂತ್ರದ ತೂಕ ಎಷ್ಟು ಗೊತ್ತೇ? ಸುಮಾರು 38 ಕಿಲೋ! ಚಳ್ಳಕೆರೆ ಮಾರುಕಟ್ಟೆಯ ಶೇಂಗಾ ಚೀಲ ಹೊತ್ತಂತೆ! ತಿಂಗಳಿಗೊಮ್ಮೆ ಬರುವ ಡವಡವ ಈ 24 ಗಂಟೆಗೂ ಸಿಗದಿರಬಹುದು. ಅಂಥವರಿಗೆ ಚರ್ಮದಡಿ ಇಡುವ ರೆಕಾರ್ಡರ್ ಇದೆ. ಅದು ವರ್ಷಗಟ್ಟಲೆ ಕಾಯುತ್ತದೆ!

ಕಾಸಿಲ್ಲದ ಪರೀಕ್ಷೆಯೂ ಒಂದಿದೆ. “ಎದೆ ಹೇಗೆ ಹೊಡೆಯಿತು, ಮೇಜಿನ ಮೇಲೆ ತಟ್ಟಿ ತೋರಿಸಿ” ಎನ್ನುತ್ತಾರೆ ಜಾಣ ವೈದ್ಯರು. ಟಕಟಕಟಕ ಎಂದು ಒಂದೇ ಸಮನೆಯೋ, ತಾಳ ತಪ್ಪಿತ್ತೋ? ಅಷ್ಟರಲ್ಲೇ ಸುಳಿವು! ರಕ್ತಹೀನತೆ, ಥೈರಾಯ್ಡ್ ಕೂಡ ಎದೆ ಓಡಿಸುತ್ತವೆ, ಹಾಗಾಗಿ ರಕ್ತಪರೀಕ್ಷೆಯೂ ಬೇಕು. ಎದೆನೋವು ಬಂದರೆ, ತಲೆಸುತ್ತಿ ಬಿದ್ದರೆ ಮಾತ್ರ ತಾಳ ಎಣಿಸುತ್ತ ಕೂರಬೇಡಿ, 108ಕ್ಕೆ ಕರೆಮಾಡಿ.

ಖಾಲಿ ಸಿರಿಂಜೂ ಔಷಧವೇ! ವೈದ್ಯರ ಎದುರು ಅದನ್ನು 15 ಸೆಕೆಂಡು ಊದಿ, ತಕ್ಷಣ ಮಲಗಿ ಕಾಲೆತ್ತಿಸಿಕೊಂಡರೆ ಎಸ್‌ವಿಟಿ ನಿಲ್ಲಬಹುದು. 2015ರ ಬ್ರಿಟನ್ನಿನ ಅಧ್ಯಯನದಲ್ಲಿ ಹೀಗೆ 43% ಜನರಿಗೆ ಗುಣ ಕಂಡಿತು. ಕಾಲೆತ್ತದೆ ಊದಿದವರಲ್ಲಿ ಬರೀ 17%!

ಬೆಂಗಳೂರಿನ ಜಯದೇವದಂಥ ಆಸ್ಪತ್ರೆಗಳಲ್ಲಿ ಮಾಡುವುದು ಇನ್ನೂ ಮಜಾ. ತೊಡೆಸಂದಿನ ರಕ್ತನಾಳದಿಂದ ಹೃದಯದೊಳಕ್ಕೆ ಸಪೂರ ತಂತಿ ಇಳಿಸಿ, ಎಲ್ಲೂ ಕೈಗೆ ಸಿಗದ ಆ ಡವಡವವನ್ನು ವೈದ್ಯರೇ ಬೇಕೆಂದು ಕೆಣಕಿ ಎಬ್ಬಿಸುತ್ತಾರೆ! ಆಮೇಲೆ ಅದು ಓಡುವ ದಾರಿಯನ್ನೇ ಸುಟ್ಟುಬಿಡುತ್ತಾರೆ!